ಗುಂಡಿಯಲ್ಲಿ ಸಿಕ್ಕಿದ್ದು ಕಪ್ಪೆಚಿಪ್ಪಲ್ಲ

ಹಿತ್ತಲಲ್ಲಿ ಗಿಡ ನೆಡಲು ಗುಂಡಿ ತೋಡುತ್ತಿದ್ದೆ. ಎರಡಡಿ ಇಳಿದ ಮೇಲೆ ಗುದ್ದಲಿಗೆ ಟಣ್ ಅಂತ ಬೂದು ಕಲ್ಲು ತಗುಲಿತು. ಒಂದು ಚೂರು ಎದ್ದು ಬಂತು. ಒಡೆದ ಅಂಚಿನಲ್ಲಿ ಹೆಬ್ಬೆರಳಷ್ಟು ದಪ್ಪದ ಚಿಪ್ಪು, ಮೈತುಂಬ ಬೀಸಣಿಗೆಯ ಹಾಗೆ ಗೀರುಗಳು.

ತಕ್ಷಣ ನಲ್ಲಿ ಕೆಳಗೆ ಹಿಡಿದು ಬ್ರಷ್‌ನಿಂದ ಉಜ್ಜಿದೆ. ಅದು ತಪ್ಪು. ಅಂಚಿನ ಒಂದು ಸಣ್ಣ ತುಣುಕು ಉದುರಿಯೇ ಹೋಯಿತು, ಅದು ಈಗಲೂ ನನ್ನನ್ನು ಕಾಡುತ್ತದೆ. ಅಂಟಿಕೊಂಡ ಕಲ್ಲು, ಮಣ್ಣು ಕೂಡ ಗುರುತು ಹಿಡಿಯಲು ಬೇಕು. ಮೊದಲು ಪಕ್ಕದಲ್ಲಿ ಸ್ಕೇಲ್ ಇಟ್ಟು ಫೋಟೋ ತೆಗೆಯಬೇಕು, ಎಷ್ಟು ಆಳದಲ್ಲಿ ಸಿಕ್ಕಿತು ಅಂತ ಬರೆದಿಡಬೇಕು.

ಪಳೆಯುಳಿಕೆಯಂತೆ ಕಾಣುವುದೆಲ್ಲ ಪಳೆಯುಳಿಕೆಯಲ್ಲ. ಕಲ್ಲಿನ ಮೇಲೆ ಜರಿಗಿಡದಂತೆ ಹರಡಿದ ಕಪ್ಪು ಚಿತ್ರ ಹೆಚ್ಚಾಗಿ ಮ್ಯಾಂಗನೀಸ್ ಆಕ್ಸೈಡ್. ಮೊಟ್ಟೆಯಂತಿರುವ ದುಂಡು ಕಲ್ಲು ಬಹುತೇಕ ಸುಮ್ನೆ ಗಟ್ಟಿಯಾದ ಖನಿಜದ ಉಂಡೆ. ಹಾಗಾಗಿ ಕಲ್ಲು ಯಾವುದು ಅಂತ ಮೊದಲು ನೋಡಿದೆ. ಚಿಪ್ಪಿಗೆ ತಾಗದಂತೆ, ಪಕ್ಕದಲ್ಲಿ ಬಿದ್ದಿದ್ದ ಬೇರೆ ಚೂರಿನ ಮೇಲೆ ಎರಡು ಹನಿ ವಿನೆಗರ್ ಬಿಟ್ಟೆ. ಸಣ್ಣ ಗುಳ್ಳೆಗಳು ಎದ್ದವು. ಸುಣ್ಣಕಲ್ಲು. ಅದರಲ್ಲಿ ಕಡಲ ಜೀವಿಗಳ ಚಿಪ್ಪು ಇರುವುದು ಸಹಜ. ಗ್ರಾನೈಟ್ ಆಗಿದ್ದರೆ ಅಲ್ಲಿಗೇ ಕೈಬಿಡುತ್ತಿದ್ದೆ, ಅದು ಕರಗಿದ ಶಿಲೆ ತಣ್ಣಗಾಗಿ ಆದದ್ದು.

ಕಪ್ಪೆಚಿಪ್ಪೇ ಅಂದುಕೊಂಡಿದ್ದೆ. ಸಂಜೆ ಟಾರ್ಚನ್ನು ಓರೆಯಾಗಿ ಹಿಡಿದು ಭೂತಗನ್ನಡಿಯಲ್ಲಿ ನೋಡಿದಾಗ ಅನುಮಾನ ಬಂತು. ಕಪ್ಪೆಚಿಪ್ಪಿನ ಎರಡು ಹೋಳುಗಳು ಒಂದಕ್ಕೊಂದು ಕನ್ನಡಿ ಹಿಡಿದಂತಿರುತ್ತವೆ, ಆದರೆ ಒಂದೇ ಹೋಳನ್ನು ತೆಗೆದುಕೊಂಡರೆ ಅದರ ಎಡಬಲ ಹೊಂದುವುದಿಲ್ಲ. ನನ್ನದು ಉಲ್ಟಾ. ನಡುವೆ ಗೆರೆ ಎಳೆದರೆ ಎಡಬಲ ಸರಿಸಮ, ಆದರೆ ಮೇಲಿನ ಹೋಳಿಗಿಂತ ಕೆಳಗಿನದು ದೊಡ್ಡದು. ಸಿಂಪಿಯಂಥ ಕೆಲವು ಈ ಲೆಕ್ಕಕ್ಕೆ ಸಿಗುವುದಿಲ್ಲ, ಹಾಗಾಗಿ ಇನ್ನೊಂದು ಗುರುತು ಹುಡುಕಿದೆ. ದೊಡ್ಡ ಹೋಳಿನ ಕೊಕ್ಕಿನಂಥ ತುದಿಯಲ್ಲಿ ಮಣ್ಣು ತುಂಬಿದ ಚುಕ್ಕಿ ಇತ್ತು. ಒದ್ದೆ ಹತ್ತಿಯಿಂದ ನಿಧಾನವಾಗಿ ಒರೆಸಿದೆ. ಸೂಜಿಮೊನೆಯಷ್ಟು ದುಂಡು ತೂತು! ಜೀವಿ ತನ್ನ ತೊಟ್ಟನ್ನು ಅದರಿಂದ ಹೊರಚಾಚಿ ಕಡಲ ತಳಕ್ಕೆ ಅಂಟಿಕೊಳ್ಳುತ್ತಿತ್ತು. ಅಂದರೆ ಇದು ಬ್ರಾಕಿಯೋಪಾಡ್, ಕಪ್ಪೆಚಿಪ್ಪಿನಂತೆಯೇ ಎರಡು ಹೋಳಿನ ಚಿಪ್ಪಿದ್ದರೂ ಬೇರೆಯೇ ಗುಂಪಿನ ಕಡಲ ಜೀವಿ. ಈ ಗುಂಪಿನ ಬಹುಪಾಲು 25 ಕೋಟಿ ವರ್ಷಗಳ ಹಿಂದಿನ ಮಹಾ ಅಳಿವಿನಲ್ಲಿ ಹೋಯಿತು, ಸ್ವಲ್ಪ ಇಂದಿಗೂ ಕಡಲಲ್ಲಿದೆ.

ಆಮೇಲೆ ಗುಂಡಿಗೆ ಇಳಿದು ಗೋಡೆ ನೋಡಿದೆ. ಎಲ್ಲಿಂದಲೋ ತಂದು ಸುರಿದ ಮಣ್ಣಾಗಿದ್ದರೆ ಕಲ್ಲಿನ ವಯಸ್ಸು ಹೇಳುವುದು ಕಷ್ಟ ಅಲ್ವಾ? ಅದೇ ಬೂದು ಪದರ ಉದ್ದಕ್ಕೂ ಇತ್ತು. ಹಾಗಾಗಿ ಭೂವೈಜ್ಞಾನಿಕ ನಕ್ಷೆಯಲ್ಲಿ ಆ ಜಾಗಕ್ಕೆ ಕೊಟ್ಟ ಕಾಲವನ್ನು ನಂಬಬಹುದಿತ್ತು.

ಫೋಟೋ, ಆಳ, ಚೂರು ಎಲ್ಲವನ್ನೂ ಮ್ಯೂಸಿಯಂಗೆ ಒಯ್ದೆ. ಗುಂಪು ಸರಿ ಅಂದರು. ಜಾತಿ ಹೇಳಬೇಕಾದರೆ ಕೊಯ್ದು ಒಳಗಿನ ರಚನೆ ನೋಡಬೇಕಂತೆ. ನಾನು ಒಪ್ಪಲಿಲ್ಲ. ಚೀಟಿಯಲ್ಲಿ ‘ಬ್ರಾಕಿಯೋಪಾಡ್, ಎರಡಡಿ ಆಳ, ಸುಣ್ಣಕಲ್ಲು’ ಅಂತ ಬರೆದು ಹತ್ತಿ ಹಾಸಿದ ಡಬ್ಬಿಯಲ್ಲಿಟ್ಟಿದ್ದೇನೆ.