ಎಂಜಿನ್ ಭಾರ ಚೇಂಬರ್ ಮೇಲೆ ಬೀಳಬಾರದು

ನಾನು ಮೊದಲ ಸಲ ಮಾರಿದ ಹಳೆ ಎಂಜಿನ್ ಕೊಂಡವರ ಕೈ ಸೇರುವಷ್ಟರಲ್ಲಿ ಅದರ ಆಯಿಲ್ ಚೇಂಬರ್, ಅಂದರೆ ಎಂಜಿನ್ನಿನ ತಳದಲ್ಲಿ ಆಯಿಲ್ ನಿಲ್ಲುವ ತೊಟ್ಟಿ, ಬಿರುಕು ಬಿಟ್ಟಿತ್ತು. ನಾಲ್ಕು ಸಿಲಿಂಡರಿನ ಪೆಟ್ರೋಲ್ ಎಂಜಿನ್, ತೂಕ ಸುಮಾರು 130 ಕಿಲೋ. ಹಳೆ ಟೈರ್ ಮೇಲೆ ಕೂರಿಸಿ, ಟೈರ್ ಸಮೇತ ಹಲಗೆಗೆ ಹಗ್ಗ ಬಿಗಿದು ಕಳಿಸಿದ್ದೆ. ಗ್ಯಾರೇಜಿನಲ್ಲಿ ಎಂಜಿನ್ ಇಡುವುದು ಹಾಗೇ ಅಲ್ವಾ? ಆದರೆ ಗ್ಯಾರೇಜಿನ ನೆಲ ಅಲುಗಾಡುವುದಿಲ್ಲ. ಲಾರಿಯಲ್ಲಿ ಟೈರ್ ಸ್ಪ್ರಿಂಗ್ ಥರ ಕುಣಿಯುತ್ತದೆ. ಒಂದೊಂದು ಕುಣಿತಕ್ಕೂ ಹಗ್ಗ ಸಡಿಲವಾಗುತ್ತಾ ಹೋಗಿ, ಎಂಜಿನ್ ವಾಲಿ, ಅಷ್ಟೂ ಭಾರ ಅಲ್ಯೂಮಿನಿಯಂ ಚೇಂಬರಿನ ಒಂದು ಮೂಲೆಗೆ ಬಿದ್ದಿತ್ತು. ಕೊಂಡವರು ಜಗಳ ಆಡಲಿಲ್ಲ. ಫೋಟೋ ಕಳಿಸಿ "ಏನು ಮಾಡೋಣ ಹೇಳಿ" ಅಂದರು. ಹೊಸ ಚೇಂಬರಿನ ದುಡ್ಡು ನಾನು ಕೊಟ್ಟೆ.

ಅಲ್ಲಿಂದ ಮುಂದೆ ನಾನು ಎಂಜಿನ್ನನ್ನು ಚೇಂಬರ್ ಮೇಲೆ ಕೂರಿಸಿ ಕಳಿಸಿಲ್ಲ. ಗಾಡಿಯಲ್ಲಿ ಅದು ಯಾವುದರ ಮೇಲೆ ನಿಂತಿರುತ್ತದೋ ಪ್ಯಾಲೆಟ್ಟಿನಲ್ಲೂ (ಸರಕು ಕೂರಿಸಿ ಕಳಿಸುವ ಮರದ ಹಲಗೆ) ಅದರ ಮೇಲೇ ನಿಲ್ಲಬೇಕು. ಅಂದರೆ ಎರಡು ಪಕ್ಕದ ಮೌಂಟಿಂಗ್ ಬ್ರಾಕೆಟ್‌ಗಳು, ಜೊತೆಗೆ ಹಿಂದೆ ಗೇರ್‌ಬಾಕ್ಸ್ ಸೇರುವ ಕಡೆಯ ಬೋಲ್ಟ್ ತೂತುಗಳು. ಈ ಮೂರೂ ಕಡೆಗೆ ದಪ್ಪ ಮರದ ತುಂಡು ಅಥವಾ ಕಬ್ಬಿಣದ ಆ್ಯಂಗಲ್‌ನಿಂದ ಕಾಲು ಮಾಡುತ್ತೇನೆ. ಚೇಂಬರಿಗೂ ಹಲಗೆಗೂ ನಡುವೆ ಎರಡು ಬೆರಳು ತೂರುವಷ್ಟು ಜಾಗ ಇರಲೇಬೇಕು. ಕಾಲುಗಳನ್ನು ಪ್ಯಾಲೆಟ್ಟಿಗೆ ಮೊಳೆ ಹೊಡೆದು ನಿಲ್ಲಿಸಬೇಡಿ. ಮೊಳೆ ಅಲುಗಾಟಕ್ಕೆ ಮೇಲೆ ಬರುತ್ತದೆ. ಆರಪಾರ ತೂತು ಕೊರೆದು, ಅಗಲ ವಾಷರ್ ಇಟ್ಟು, ಬೋಲ್ಟ್ ಹಾಕಿ.

ಇನ್ನೊಂದು ವಿಷಯ, ಎಂಜಿನ್ನಿನ ನಡುಭಾಗವೇ ಭಾರದ ನಡುಭಾಗ ಅಲ್ಲ. ಗೇರ್‌ಬಾಕ್ಸ್ ಕಡೆ ಇರುವ ಭಾರದ ಚಕ್ರ, ಅಂದರೆ ಫ್ಲೈವೀಲ್ ಬಿಚ್ಚದಿದ್ದರೆ ಆ ಕಡೆ ತೂಕ ಜಾಸ್ತಿ. ಹಾಗಾಗಿ ಬೋಲ್ಟ್ ಹಾಕುವ ಮೊದಲು ಚೈನ್ ಬ್ಲಾಕಿನಲ್ಲಿ ಎಂಜಿನ್ನನ್ನು ಸ್ವಲ್ಪ ಮೇಲೆತ್ತಿ, ಯಾವ ಕಡೆ ಬಾಗುತ್ತದೆ ನೋಡಿಕೊಳ್ಳುತ್ತೇನೆ. ಆ ಕಡೆ ಪ್ಯಾಲೆಟ್ಟಿನ ಅಂಚಿನಿಂದ ಆದಷ್ಟೂ ಒಳಗೆ ಬರಬೇಕು. ಎಂಜಿನ್ನಿನ ಯಾವ ಭಾಗವೂ ಪ್ಯಾಲೆಟ್ಟಿನಿಂದ ಹೊರಗೆ ಚಾಚಿರಬಾರದು.

ಇದಕ್ಕೆಲ್ಲ ಮೊದಲು ಆಯಿಲ್, ಕೂಲೆಂಟ್, ಪೆಟ್ರೋಲ್ ಎಲ್ಲ ಖಾಲಿ ಆಗಬೇಕು. ಸೋರುವ ಎಂಜಿನ್ನನ್ನು ಸಾಗಣೆಯವರು ಮುಟ್ಟುವುದಿಲ್ಲ, ಪೆಟ್ರೋಲ್ ಉಳಿದಿದ್ದರಂತೂ ಬೆಂಕಿಯ ಅಪಾಯ. ಡ್ರೈನ್ ಬೋಲ್ಟ್ ಬಿಚ್ಚಿ ಒಂದು ರಾತ್ರಿ ಹಾಗೇ ಬಿಡಿ. ಹೋಸ್ ಬಿಚ್ಚಿದರೂ ಎಂಜಿನ್ ಬ್ಲಾಕಿನ ಒಳಗೆ ನೀರು ನಿಂತಿರುತ್ತದೆ, ಬ್ಲಾಕಿಗೆ ಬೇರೆ ಡ್ರೈನ್ ಇದ್ದರೆ ಅದನ್ನೂ ಬಿಚ್ಚಿ. ಸ್ಪಾರ್ಕ್ ಪ್ಲಗ್ ತೆಗೆದು, ಒಂದೊಂದು ಸಿಲಿಂಡರಿಗೂ ಒಂದು ಚಮಚ ಆಯಿಲ್ ಬಿಟ್ಟು, ಕೈಯಲ್ಲೇ ಕ್ರ್ಯಾಂಕ್ ತಿರುಗಿಸಿ ಪ್ಲಗ್ ಮತ್ತೆ ಹಾಕುತ್ತೇನೆ. ದಾರಿಯಲ್ಲಿ ವಾರಗಟ್ಟಲೆ ಕೂತರೂ ತುಕ್ಕು ಹಿಡಿಯದಿರಲಿ ಅಂತ.

ತೆರೆದ ಬಾಯಿಗಳಿಗೆ ಬಟ್ಟೆ ತುರುಕುವವರು ತುಂಬಾ ಜನ. ದಯವಿಟ್ಟು ಬೇಡ. ಗಾಳಿ ಎಳೆದುಕೊಳ್ಳುವ ಇನ್‌ಟೇಕಿನ ಒಳಗೆ ಉಳಿದ ಬಟ್ಟೆಯನ್ನು ಜೋಡಿಸುವವರು ನೋಡದೆ ಸ್ಟಾರ್ಟ್ ಮಾಡಿದರೆ ಏನಾಗುತ್ತದೆ ಯೋಚಿಸಿ. ನಾನು ಪ್ಲೈವುಡ್ ಕತ್ತರಿಸಿ ಹೊರಗಿನಿಂದಲೇ ಬೋಲ್ಟ್ ಹಾಕಿ ಮುಚ್ಚುತ್ತೇನೆ. ಎದ್ದು ಕಾಣುತ್ತದೆ, ಬಿಚ್ಚದೆ ಜೋಡಿಸಲು ಆಗುವುದಿಲ್ಲ. ಸೆನ್ಸರ್, ಡಿಪ್‌ಸ್ಟಿಕ್ ಕೊಳವೆಯಂಥ ಮುರಿಯುವ ಸಾಮಾನು ಬಿಚ್ಚಿ ಬೇರೆ ಡಬ್ಬಿಗೆ ಹಾಕಿ, ಡಬ್ಬಿಯನ್ನೂ ಅದೇ ಪ್ಯಾಲೆಟ್ಟಿಗೆ ಬಿಗಿಯುತ್ತೇನೆ.

ಕೊನೆಗೆ ಎರಡು ರಾಚೆಟ್ ಬೆಲ್ಟ್ ಅಡ್ಡಡ್ಡ. ಬೆಲ್ಟ್ ಪ್ಲಾಸ್ಟಿಕ್ ಕವರ್ ಮೇಲೆ, ಇಂಜೆಕ್ಟರ್ ಪೈಪ್ ಮೇಲೆ ಹಾಯಬಾರದು. ಸಂಜೆ ಬಿಗಿದದ್ದನ್ನು ಬೆಳಿಗ್ಗೆ ಇನ್ನೊಂದು ಸಲ ಬಿಗಿಯಿರಿ, ಸ್ವಲ್ಪ ಸಡಿಲ ಆಗಿಯೇ ಇರುತ್ತದೆ. ಸುತ್ತ ಮರದ ಚೌಕಟ್ಟು ಕಟ್ಟಿದರೆ ಬೇರೆ ಸರಕನ್ನು ಎಂಜಿನ್ ಮೇಲೆ ಯಾರೂ ಪೇರಿಸುವುದಿಲ್ಲ. ಎತ್ತುವ ಕೊಕ್ಕೆಗಳು ಮಾತ್ರ ಕೈಗೆ ಸಿಗುವ ಹಾಗೆ ಇರಲಿ. ಬೇರೆ ದೇಶಕ್ಕೆ ಹೋಗುವುದಾದರೆ ಸಾಮಾನ್ಯವಾಗಿ ಐಎಸ್‌ಪಿಎಂ 15 (ಪ್ಯಾಕಿಂಗ್ ಮರದ ಅಂತರರಾಷ್ಟ್ರೀಯ ನಿಯಮ) ಮುದ್ರೆ ಇರುವ ಮರ ಬೇಕು. ಕೀಟ ಸಾಯಲಿ ಅಂತ ಅದನ್ನು ಹೆಚ್ಚಾಗಿ ತಿರುಳಿನವರೆಗೂ 56 ಡಿಗ್ರಿಗೆ 30 ನಿಮಿಷ ಕಾಯಿಸಿರುತ್ತಾರೆ.

ಬುಕ್ ಮಾಡುವ ಮೊದಲು ಕೊಂಡವರನ್ನು ಒಂದು ಮಾತು ಕೇಳುತ್ತೇನೆ: "ಇಳಿಸುವುದು ಹೇಗೆ?" ಅವರ ಕಡೆ ಫೋರ್ಕ್‌ಲಿಫ್ಟ್ ಇಲ್ಲದಿದ್ದರೆ ಲಿಫ್ಟ್ ಇರುವ ಲಾರಿಯನ್ನೇ ಹೇಳಬೇಕು. ಪ್ಯಾಲೆಟ್ ಸೇರಿಸಿ ತೂಕ ಹಾಕಿಸಿ, ಆ ಸಂಖ್ಯೆಯನ್ನು ನಾಲ್ಕೂ ಕಡೆ ದೊಡ್ಡದಾಗಿ ಬರೆಯುತ್ತೇನೆ. ತೂಕ ಕಮ್ಮಿ ಹೇಳಿದರೆ ಕೊನೆಗೆ ಪೆಟ್ಟು ಬೀಳುವುದು ಎತ್ತುವವರ ಬೆನ್ನಿಗೆ. ಎಂಜಿನ್ ನಂಬರು, ಬೋಲ್ಟುಗಳು, ನಾಲ್ಕೂ ಪಕ್ಕ, ಎಲ್ಲದರ ಫೋಟೋ ತೆಗೆದು ಅವರಿಗೂ ಕಳಿಸುತ್ತೇನೆ. ಕಾಲು ಬಿಚ್ಚಲು ಯಾವ ಅಳತೆಯ ಸ್ಪ್ಯಾನರ್ ಬೇಕು ಅನ್ನುವುದನ್ನು ಚೌಕಟ್ಟಿನ ಮೇಲೆ ಬರೆದು, ಮೌಂಟಿಂಗ್ ಬೋಲ್ಟುಗಳ ಚೀಲವನ್ನು ಅದರ ಪಕ್ಕದಲ್ಲೇ ಕಟ್ಟುತ್ತೇನೆ.