ಸೆಬೇಶಿಯಸ್ ಕಾರ್ಸಿನೋಮ: ಎಂಎಂಆರ್ ಸ್ಲೈಡ್ ಓದುವುದು ಹೇಗೆ

ಚರ್ಮದ ಎಣ್ಣೆಗ್ರಂಥಿಯಲ್ಲಿ ಹುಟ್ಟುವ ಈ ಅಪರೂಪದ ಕ್ಯಾನ್ಸರ್ ಕಣ್ಣಿನ ರೆಪ್ಪೆಯಲ್ಲಿ ಬಂದರೆ ಮರುಕಳಿಸುವ ಕುರುವಿನ ವೇಷ ಹಾಕುತ್ತದೆ. ಗೆಡ್ಡೆ ಸೆಬೇಶಿಯಸ್ ಹೌದೋ ಅಲ್ಲವೋ ಎಂಬುದು ಮೊದಲು ತೀರ್ಮಾನವಾಗಲಿ. ಕೊಬ್ಬಿನ ಗುಳ್ಳೆಯ ಹೊದಿಕೆಯನ್ನು ತೋರಿಸುವ ಅಡಿಪೋಫಿಲಿನ್ ಸ್ಟೇನ್ ಹಾಕಿದಾಗ ಕೊಬ್ಬಿನ ಪ್ರತಿ ಗುಳ್ಳೆಯ ಸುತ್ತ ಬಳೆಯಂತೆ ಬಣ್ಣ ಕಾಣಬೇಕು. ಸೈಟೋಪ್ಲಾಸಂನಲ್ಲಿ ಧೂಳು ಎರಚಿದಂತಿದ್ದರೆ ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಬರ್-ಇಪಿ4 ಎಂಬ ಇನ್ನೊಂದು ಸ್ಟೇನ್ ಉದ್ದಕ್ಕೂ ಗಾಢವಾಗಿ ಬಂದರೆ ಬೇಸಲ್ ಸೆಲ್ ಕಾರ್ಸಿನೋಮ ಎಂಬ ಬೇರೆ ಚರ್ಮದ ಕ್ಯಾನ್ಸರ್ ಅಲ್ಲವೇ ಎಂದು ಮತ್ತೊಮ್ಮೆ ನೋಡಿ.

ಆಮೇಲೆ ಎಂಎಂಆರ್, ಅಂದರೆ ಡಿಎನ್‌ಎ ನಕಲಿನ ತಪ್ಪು ತಿದ್ದುವ ನಾಲ್ಕು ಪ್ರೋಟೀನುಗಳು: ಎಂಎಲ್‌ಎಚ್1, ಪಿಎಂಎಸ್2, ಎಂಎಸ್‌ಎಚ್2, ಎಂಎಸ್‌ಎಚ್6. ಆಂಟಿಬಾಡಿ ಸ್ಟೇನ್ ಹಾಕಿದಾಗ ಪ್ರೋಟೀನ್ ಇದ್ದರೆ ನ್ಯೂಕ್ಲಿಯಸ್ ಕಂದಾಗುತ್ತದೆ. ಇವು ಕಾಣೆಯಾಗಿದ್ದರೆ, ಕ್ಯಾನ್ಸರಿನ ಅಪಾಯ ವಂಶದಲ್ಲಿ ಹರಿದುಬರುವ ಲಿಂಚ್ ಸಿಂಡ್ರೋಮಿನ ರೂಪವಾದ ಮ್ಯೂರ್-ಟೋರೆ ಸಿಂಡ್ರೋಮ್ ಇರಬಹುದು. ಹಾಗಿದ್ದರೆ ಕರುಳು, ಗರ್ಭಕೋಶಗಳ ಮೇಲೂ ಕಣ್ಣಿಡಬೇಕು.

ಅಂಗಾಂಶ 10% ನ್ಯೂಟ್ರಲ್ ಬಫರ್ಡ್ ಫಾರ್ಮಲಿನ್‌ನಲ್ಲಿ 6ರಿಂದ 72 ಗಂಟೆ ಇರಲಿ. 4 ಮೈಕ್ರಾನ್ ಸೆಕ್ಷನ್ ಆಗ ತಾನೇ ಕತ್ತರಿಸಿದ್ದಾಗಿರಬೇಕು. ತಿಂಗಳುಗಟ್ಟಲೆ ಡಬ್ಬಿಯಲ್ಲಿ ಕೂತ ಸ್ಲೈಡಿನಲ್ಲಿ ಆಂಟಿಜೆನ್, ಅಂದರೆ ಸ್ಟೇನ್ ಹಿಡಿಯಬೇಕಾದ ಪ್ರೋಟೀನ್, ಸೊರಗಿರುತ್ತದೆ.

ಓದುವಾಗ ಗೆಡ್ಡೆಗೆ ಕಣ್ಣು ಹಾಕುವ ಮುಂಚೆ ಅಕ್ಕಪಕ್ಕ ನೋಡಿ. ಲಿಂಫೋಸೈಟುಗಳು, ಆಧಾರ ಅಂಗಾಂಶವಾದ ಸ್ಟ್ರೋಮಾದ ಕೋಶಗಳು, ಎಪಿಡರ್ಮಿಸ್‌ನ ತಳಪದರ, ಇವುಗಳ ನ್ಯೂಕ್ಲಿಯಸ್ ಕಂದು ಬಣ್ಣಕ್ಕೆ ತಿರುಗಿರಬೇಕು. ಅವೂ ಖಾಲಿಯಿದ್ದರೆ ಆ ಜಾಗದಲ್ಲಿ ಸ್ಟೇನ್ ಸೋತಿದೆ. ‘ಪ್ರೋಟೀನ್ ಇಲ್ಲ’ ಎನ್ನಲು ಆಧಾರವಿಲ್ಲ, ಮರುಪರೀಕ್ಷೆ ಮಾಡಿ. ಗೆಡ್ಡೆಯೊಳಗೆ ಇನ್ನೂ ಬಲಿಯದ ಬೇಸಲಾಯ್ಡ್ ಕೋಶಗಳನ್ನೇ ಆರಿಸಿಕೊಳ್ಳಿ. ಕೊಬ್ಬು ತುಂಬಿ ಬಲಿತ ಕೋಶದಲ್ಲಿ ನ್ಯೂಕ್ಲಿಯಸ್ ಹಿಂಡಿ ಮುದುಡಿರುತ್ತದೆ, ಅಲ್ಲಿ ಮೋಸ ಹೋಗುವುದು ಸುಲಭ. ಸೈಟೋಪ್ಲಾಸಂನ ಬಣ್ಣಕ್ಕೆ ಬೆಲೆಯಿಲ್ಲ. ಎಂಎಲ್‌ಎಚ್1ಗೆ ಎಂ1 ಎಂಬ ಆಂಟಿಬಾಡಿ ಕ್ಲೋನ್ ಬಳಸಿದಾಗ ನ್ಯೂಕ್ಲಿಯಸ್‌ನಲ್ಲಿ ಬರೀ ಚುಕ್ಕೆಗಳು ಬರುವುದುಂಟು. ಅದನ್ನು ‘ಉಳಿದಿದೆ’ ಎಂದು ಬರೆಯಬೇಡಿ, ಜೋಡಿ ಪಿಎಂಎಸ್2 ಏನು ಹೇಳುತ್ತದೆ ನೋಡಿ.

ಜೋಡಿಯ ಲೆಕ್ಕ ಇಷ್ಟೇ: ಎಂಎಲ್‌ಎಚ್1 ಹೋದರೆ ಪಿಎಂಎಸ್2 ನಿಲ್ಲುವುದಿಲ್ಲ, ಎಂಎಸ್‌ಎಚ್2 ಹೋದರೆ ಎಂಎಸ್‌ಎಚ್6 ನಿಲ್ಲುವುದಿಲ್ಲ. ಕಿರಿಯರಾದ ಪಿಎಂಎಸ್2, ಎಂಎಸ್‌ಎಚ್6 ಮಾತ್ರ ಒಂಟಿಯಾಗಿ ಕಾಣೆಯಾಗಬಲ್ಲವು. ಎಂಎಲ್‌ಎಚ್1 ಇಲ್ಲದೆ ಪಿಎಂಎಸ್2 ಗಟ್ಟಿಯಾಗಿ ಕಂಡರೆ ಜೀನನ್ನು ದೂರುವ ಮುಂಚೆ ಸ್ಟೇನನ್ನು ಅನುಮಾನಿಸಿ. ಮ್ಯೂರ್-ಟೋರೆಯಲ್ಲಿ ಹೆಚ್ಚಾಗಿ ಕೆಟ್ಟಿರುವುದು ಎಂಎಸ್‌ಎಚ್2.

ಪ್ರೋಟೀನ್ ಹೋದ ಮಾತ್ರಕ್ಕೆ ರೋಗ ವಂಶದಿಂದ ಬಂತು ಎನ್ನುವಂತಿಲ್ಲ. ಗೆಡ್ಡೆಯೊಳಗೇ ಎರಡು ಮ್ಯುಟೇಷನ್ ಆಗಿರಬಹುದು, ಎಂಎಲ್‌ಎಚ್1 ಜೀನನ್ನು ಚಾಲೂ ಮಾಡುವ ಭಾಗವಾದ ಪ್ರಮೋಟರ್ ಮೀಥೈಲೇಟ್ ಆಗಿ ಜೀನ್ ಮುಚ್ಚಿಹೋಗಿರಬಹುದು. ಅದಕ್ಕೇ ಮ್ಯೂರ್-ಟೋರೆಯ ಸಾಧ್ಯತೆ ಅಳೆಯುವ ಮೇಯೋ ಅಂಕಪಟ್ಟಿ ಉಪಯೋಗಕ್ಕೆ ಬರುತ್ತದೆ: ಮೊದಲ ಸೆಬೇಶಿಯಸ್ ಗೆಡ್ಡೆ 60 ವರ್ಷದೊಳಗೆ ಬಂದಿದ್ದರೆ 1, ಇಂಥ ಗೆಡ್ಡೆ ಎರಡೋ ಹೆಚ್ಚೋ ಇದ್ದರೆ 2, ರೋಗಿಗೇ ಲಿಂಚ್ ಬಗೆಯ ಕ್ಯಾನ್ಸರ್ ಆಗಿದ್ದರೆ 1, ಮನೆತನದಲ್ಲಿದ್ದರೆ 1. ಒಟ್ಟು 2 ಮುಟ್ಟಿದರೆ ಜೆನೆಟಿಕ್ ಕೌನ್ಸೆಲಿಂಗ್, ನಂತರ ಹುಟ್ಟಿನಿಂದಲೇ ಬಂದ ಜೀನ್ ದೋಷ ಹುಡುಕಲು ರಕ್ತದಲ್ಲಿ ಜರ್ಮ್‌ಲೈನ್ ಪರೀಕ್ಷೆ. ಅಂಕ ಇಷ್ಟಿದ್ದರೆ ನಾಲ್ಕೂ ಪ್ರೋಟೀನ್ ಉಳಿದಿವೆ ಎಂದು ಕಡತ ಮುಚ್ಚಬೇಡಿ. ರೆಪ್ಪೆಯ ಗೆಡ್ಡೆಗಳಲ್ಲಿ ಇವು ಕಾಣೆಯಾಗುವುದು ಬೇರೆಡೆಗಿಂತ ಕಡಿಮೆ.

ಈ ಫಲಿತಾಂಶ ಚಿಕಿತ್ಸೆಗೂ ಬೇಕು. ಎಂಎಂಆರ್ ಕೊರತೆಯ ಮುಂದುವರಿದ ಘನ ಗೆಡ್ಡೆಗಳಿಗೆ, ಅಂಗ ಯಾವುದೇ ಇರಲಿ, ಪೆಂಬ್ರೋಲಿಝುಮಾಬ್ ಎಂಬ ಇಮ್ಯುನೋಥೆರಪಿ ಔಷಧಿ ಬಳಸಲು ಅಮೆರಿಕದ ಎಫ್‌ಡಿಎ 2017ರಲ್ಲಿ ಒಪ್ಪಿಗೆ ಕೊಟ್ಟಿತು.

ವರದಿಯಲ್ಲಿ ‘ಪಾಸಿಟಿವ್’, ‘ನೆಗೆಟಿವ್’ ಬೇಡ. ‘ಎಂಎಸ್‌ಎಚ್2 ನೆಗೆಟಿವ್’ ಎಂದರೆ ಓದುವವರು ತೊಂದರೆಯಿಲ್ಲ ಎಂದುಕೊಂಡಾರು. ‘ನ್ಯೂಕ್ಲಿಯಸ್‌ನಲ್ಲಿ ಉಳಿದಿದೆ’, ‘ಕಾಣೆಯಾಗಿದೆ’ ಎಂದು ಒಂದೊಂದಕ್ಕೂ ಬಿಡಿಸಿ ಬರೆದು, ಅಕ್ಕಪಕ್ಕದ ಕೋಶಗಳು ಬಣ್ಣ ಹಿಡಿದಿದ್ದವು ಎಂಬುದನ್ನೂ ಸೇರಿಸಿ.