ಹೊಳೆಯಲ್ಲಿ ಪಚ್ಚಿಲೆ ಬೆಳೆಯಲು ನಾನು ಪರವಾನಗಿ ಪಡೆದ ಬಗೆ

"ಹೊಳೆಗೆ ಸರ್ವೆ ನಂಬರ್ ಎಲ್ಲಿ ಉಂಟು ಮಾರಾಯ್ರೆ? ನಿಮಗೆ ಯಾರು ಬರೆದು ಕೊಡ್ತಾರೆ?" ಪಚ್ಚಿಲೆ, ಅಂದರೆ ಹಸಿರು ಚಿಪ್ಪಿನ ಚಿಪ್ಪುಮೀನು, ಮಾಡುವ ಗೆಳೆಯರೆಲ್ಲ ನನಗೆ ಹೇಳಿದ್ದು ಇದನ್ನೇ. ಈಗ ನೋಂದಣಿ ಪತ್ರ ಕೈಯಲ್ಲಿದೆ, 5 ವರ್ಷಕ್ಕೆ. ಅವರೇ ಈಗ ಅರ್ಜಿಯ ಜೆರಾಕ್ಸ್ ಕೇಳಿಕೊಂಡು ಬರುತ್ತಾರೆ.

ಹಗ್ಗಕ್ಕೆ ಬೀಜ (ಪಚ್ಚಿಲೆ ಮರಿ) ಕಟ್ಟಿ ಹೊಳೆಯಲ್ಲಿ ನೇತುಹಾಕುವುದು ದೊಡ್ಡ ವಿಷಯ ಅಲ್ಲ, ಅದು ಬಿಡಿ. ಕಷ್ಟ ಇರುವುದು ಕಾಗದದಲ್ಲಿ. 2023ರ ತಿದ್ದುಪಡಿಯಾದ ಮೇಲೆ ಚಿಪ್ಪುಮೀನು ಕೃಷಿಯೂ ಕರಾವಳಿ ಜಲಕೃಷಿ ಪ್ರಾಧಿಕಾರದ ಕಾಯ್ದೆಯೊಳಗೆ ಬಂತು. ಒಳ್ಳೆಯದೇ ಆಯ್ತು. ಆದರೆ ಕೆಳಗಿನ ಮೇಜಿನವರಿಗೆ ಗೊತ್ತಿರುವುದು ಸಿಗಡಿ ಕೆರೆ ಒಂದೇ. ಮೇವು ಎಷ್ಟು, ಔಷಧ ಯಾವುದು, ಕೊಳಕು ನೀರು ಎಲ್ಲಿ ಬಿಡ್ತೀರಿ ಅಂತ ಕೇಳಿದರು. ಪಚ್ಚಿಲೆಗೆ ಮೇವು ಹಾಕಿದವರನ್ನು ನಾನಂತೂ ಕಂಡಿಲ್ಲ! ಆ ಜಾಗ ಖಾಲಿ ಬಿಟ್ಟರೆ ಅರ್ಜಿ ವಾಪಸ್. 'ಇಲ್ಲ, ಹೊಳೆ ನೀರನ್ನೇ ಸೋಸಿ ತಿನ್ನುತ್ತದೆ' ಅಂತ ಬರೆದ ಮೇಲೆ ಫೈಲು ಕದಲಿತು.

ಮೊದಲ ವರ್ಷ ಕಾಗದ ಬಂದದ್ದು ಶಿವರಾತ್ರಿ ಹೊತ್ತಿಗೆ. ಬೀಜ ಕಟ್ಟಬೇಕಾದ್ದು ನವೆಂಬರ್-ಡಿಸೆಂಬರಿನಲ್ಲಿ, ಅಲ್ವಾ? ತಡವಾಗಿ ಕಟ್ಟಿದ್ದು ಮೇ ತಿಂಗಳಿಗೆ 2 ಇಂಚು ದಾಟಲಿಲ್ಲ. ಹೊಳೆಯಲ್ಲೇ ಬಿಟ್ಟರೆ ಮಳೆಯ ಸಿಹಿನೀರಿಗೆ ಸಾಯುತ್ತವೆ, ಹಾಗಾಗಿ ಸಣ್ಣದನ್ನೇ ತೆಗೆಯಬೇಕಾಯ್ತು. ಕೇರಳದ ವ್ಯಾಪಾರಿ ಮೂಗು ಮುರಿದ. ಬಿದಿರು, ಹಗ್ಗ, ಬೀಜ ಸೇರಿ ಹತ್ತಿರ ಹತ್ತಿರ 35 ಸಾವಿರ ಹಾಕಿದ್ದೆ. ಅರ್ಧವೂ ವಾಪಸ್ ಬರಲಿಲ್ಲ.

ಮರುವರ್ಷ ಜಾಗ ಬದಲಿಸಿದೆ, ಹೊಸ ಅರ್ಜಿಯನ್ನು ಜೂನ್‌ನಲ್ಲೇ ಹಿಡಿದೆ. ಟ್ರಾಲಿಂಗ್ ನಿಷೇಧದ ಸಮಯ, ದೋಣಿಯವರು ಊರಲ್ಲೇ ಸಿಗುತ್ತಾರೆ. ಕಚೇರಿಗೆ ಹೋಗುವ ಮೊದಲು ಅವರನ್ನೇ ಇಳಿತದ ಹೊತ್ತಿಗೆ ಹೊಳೆಗೆ ಕರೆದುಕೊಂಡು ಹೋಗಿ ನಾಲ್ಕು ಮೂಲೆಗೆ ಗೂಟ ಹೊಡೆಸಿದೆ. "ಈ ಗೂಟ ನಾಲ್ಕು ಮಾರು ಆಚೆ ಹಾಕಿ, ನಮ್ಮ ದೋಣಿ ತಿರುಗುವುದು ಇಲ್ಲೇ" ಅಂದರು ಒಬ್ಬ ಹಿರಿಯರು. ಹಾಕಿದೆ. ಆಮೇಲೆಯೇ ಜಿಪಿಎಸ್ ಗುರುತು ಬರೆದುಕೊಂಡದ್ದು. ಅವರ ಸಹಿ, ಪಂಚಾಯಿತಿ ಠರಾವು ಎರಡೂ ಇದ್ದದ್ದರಿಂದ ಇಲಾಖೆಯಲ್ಲಿ ಜಾಸ್ತಿ ತಕರಾರು ಬರಲಿಲ್ಲ. ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ಪ್ರಶ್ನೆಗೆ ಬರೆದ ಉತ್ತರದ ಜೆರಾಕ್ಸ್ ಮಾತ್ರ ಯಾರಿಗೂ ಕೊಡುವುದಿಲ್ಲ, ಬೇಜಾರು ಮಾಡ್ಕೋಬೇಡಿ.

ಫೀಸು ಲೆಕ್ಕಕ್ಕಿಲ್ಲ. ನಕ್ಷೆ, ಅಫಿಡವಿಟ್, ಪೆಟ್ರೋಲಿಗೆ 12-13 ಸಾವಿರ ಹೋಯ್ತು. ಆಗ ಕೇಂದ್ರದ ಮತ್ಸ್ಯ ಸಂಪದ ಯೋಜನೆಯಲ್ಲಿ ಸಾಮಾನ್ಯ ವರ್ಗಕ್ಕೆ ಸಹಾಯಧನ ಶೇ. 40, ಮಹಿಳೆಯರಿಗೆ ಶೇ. 60 ಇತ್ತು. ಹಾಗಾಗಿ ಅರ್ಜಿ ಹೆಂಡತಿಯ ಹೆಸರಲ್ಲಿ. ಹೋದ ಸಲ ಮೀಟರ್ ಹಗ್ಗಕ್ಕೆ 8-9 ಕಿಲೋ ಬಂತು. ನಮ್ಮ ಹೊಳೆಯಲ್ಲಿ ಅಷ್ಟು ತೆಗೆದವರು ಕಡಿಮೆ.

ನಡುವೆ ಕಲ್ಗಕ್ಕೂ (ಕಲ್ಲಿಗೆ ಅಂಟಿ ಬೆಳೆಯುವ ಚಿಪ್ಪುಮೀನು, ಆಯ್‌ಸ್ಟರ್) ಕೈ ಹಾಕಿದೆ. ಹಳೆ ಮಂಗಳೂರು ಹೆಂಚಿಗೆ ಸುಣ್ಣ ಬಳಿದು ನೇತುಹಾಕಿದರೆ ಮರಿ ಚೆನ್ನಾಗಿಯೇ ಕೂತವು. ನೋಡಲು ಬಂದವರೊಬ್ಬರು "ಹೆಂಚು ಅಂದ್ರೆ ಶಾಶ್ವತ ಕಟ್ಟಡ ಆಗ್ತದಾ?" ಅಂತ ಗಂಭೀರವಾಗಿ ಕೇಳಿದರು. ಮಳೆಗೆ ಮುಂಚೆ ಬಿದಿರು ಸಮೇತ ಎಲ್ಲ ಬಿಚ್ಚುತ್ತೇವೆ ಅಂತ ಬರೆದುಕೊಟ್ಟೆ. ಈ ಜೂನ್‌ನಲ್ಲಿ ಎರಡನೇ ಚಪ್ಪರಕ್ಕೆ (ಹಗ್ಗ ನೇತುಹಾಕುವ ಬಿದಿರಿನ ಚೌಕಟ್ಟು) ಹಾಕುವ ಅರ್ಜಿಯಲ್ಲಿ ಪಚ್ಚಿಲೆ ಜೊತೆ ಕಲ್ಗದ ಹೆಸರನ್ನೂ ಬರೆಯುತ್ತೇನೆ.